ಮುಖ ತಾಳೆಯಾಗುತ್ತಿಲ್ಲ

"ನೀವು ನೀವೇ ಅಂತ ನಾನು ಹೇಗ್ರೀ ನಂಬಲಿ?"

"ನಾನು ನಾನಲ್ದೆ ನಿಮ್ಮಪ್ಪಾನಾ?"

"ನಮ್ಮಪ್ಪನ ಸುದ್ದಿಗೆ ಬರಬೇಡಿ! ಈ ಅಂಗಡಿ ಕಟ್ಟಿದ್ದು ಅವರು. ಅಗೋ, ಗೋಡೆ ಮೇಲಿದಾರೆ ನೋಡಿ. ಅವರಿಗೆ ಮೀಸೆ ಇದೆ. ನಿಮ್ಮ ಲೈಸೆನ್ಸಿನ ಫೋಟೋದಲ್ಲೂ ಮೀಸೆ ಇದೆ. ನಿಮ್ಮ ಮುಖದಲ್ಲಿ ಎಲ್ರೀ ಇದೆ?"

"ಬೋಳಿಸಿದೀನಿ ಅಂತ ಎಷ್ಟು ಸಲ ಬಡ್ಕೊಳ್ಲಿ?"

"ಬಂದೂಕು ಕೊಳ್ಳೋ ದಿನವೇ ಯಾಕೆ ಬೋಳಿಸಿದ್ರಿ? ಅದನ್ನ ಹೇಳಿ ಮೊದ್ಲು!"

ಬಂದೂಕಿನ ಅಂಗಡಿಯ ಯಜಮಾನ ಕನ್ನಡಕವನ್ನು ಕಣ್ಣಿಂದ ತೆಗೆದು ಕೈಯಲ್ಲಿ ಹಿಡಿದು, ಕತ್ತಿ ಬೀಸುವವನ ಹಾಗೆ ಬೀಸುತ್ತಿದ್ದ. ಸಿಟ್ಟು ಬಂದರೆ ಅವನ ರೀತಿಯೇ ಹಾಗೆ. ಮೇಜಿನ ಆಚೆ ನಿಂತವನು ಬಾಗಿಲಿಗೆ ಅಡ್ಡವಾಗುವಷ್ಟು ದೊಡ್ಡ ಆಳು. ಮೂಗಿನ ಕೆಳಗೆ ಮಾತ್ರ ಬೆಳ್ಳಗಿನ ಒಂದು ಪಟ್ಟಿ, ಹೊಸದಾಗಿ ಸುಣ್ಣ ಹೊಡೆದ ಗೋಡೆಯಂತೆ ಹೊಳೆಯುತ್ತಿತ್ತು.

ಅಂಗಡಿಯ ಯಜಮಾನನನ್ನು ಬೀದಿಯೆಲ್ಲ ಗುಮಾನಿ ಎಂದೇ ಕರೆಯುತ್ತಿತ್ತು. ಇಟ್ಟ ಹೆಸರು ಯಾವುದೆಂದು ಅವನ ಹೆಂಡತಿಗೂ ಒಮ್ಮೊಮ್ಮೆ ನೆನಪಿಗೆ ಬರುತ್ತಿರಲಿಲ್ಲ. ಅತ್ತೆ ಬಂದು ಬಾಗಿಲು ತಟ್ಟಿದರೆ "ಯಾರ ಅತ್ತೆ?" ಎಂದು ಕೇಳಿಯೇ ಚಿಲಕ ತೆಗೆಯುವ ಜಾತಿ ಅವನದು. ಹಗ್ಗ ಕಂಡರೆ ಹಾವು ಅನ್ನುವವರನ್ನು ನೀವು ನೋಡಿರಬಹುದು; ಇವನು ಹಾವು ಕಂಡರೂ "ಇದು ಹಾವಿನ ವೇಷ ಹಾಕಿಕೊಂಡು ಬಂದ ಹಗ್ಗವಲ್ಲ ಅಂತ ಏನು ಗ್ಯಾರಂಟಿ?" ಅನ್ನುವವನು.

ಅವನದೇ ಪೂರ್ತಿ ತಪ್ಪು ಎನ್ನಲೂ ಆಗದು. ಹೋದ ತಿಂಗಳು ಇಲಾಖೆಯಿಂದ ಒಂದು ಸುತ್ತೋಲೆ ಬಂದಿತ್ತು. ಕೊಳ್ಳುವವನ ಮುಖವು ಲೈಸೆನ್ಸಿನ ಚಿತ್ರಕ್ಕೆ ಎಲ್ಲ ವಿಧದಲ್ಲೂ ತಾಳೆಯಾಗತಕ್ಕದ್ದು. ಕಂಪ್ಯೂಟರಿಗೆ ಮುಖ ತೋರಿಸಿ ಅದರ ಒಪ್ಪಿಗೆ ಪಡೆದೇ ಬಂದೂಕು ಮಾರತಕ್ಕದ್ದು. ಅಂಗಡಿಯಿರುವ ಬೀದಿಯ ಇಬ್ಬರು ಮರ್ಯಾದಸ್ಥರು ಸಾಕ್ಷಿ ನಿಲ್ಲತಕ್ಕದ್ದು. ಇದೆಲ್ಲದರ ಕೊನೆಗೆ, ಇಲಾಖೆಯವರು ಗಿರಾಕಿಗಳ ವೇಷದಲ್ಲಿ ಬಂದು ಪರೀಕ್ಷೆ ಮಾಡುವರು, ಗುರುತು ನೋಡದೆ ಬಂದೂಕಿಗೆ ತುಂಬುವ ಒಂದು ತೋಟಾ ಮಾರಿದರೂ ಅಂಗಡಿಗೆ ಬೀಗ ಬೀಳುವುದು ಎಂದಿತ್ತು. ರೈಲು ನಿಲ್ದಾಣದ ಹತ್ತಿರದ ಬಂದೂಕಿನ ಅಂಗಡಿಗೆ ಆಗಲೇ ಬೀಗ ಬಿದ್ದಿತ್ತು. ಅದರ ಯಜಮಾನ ಈಗ ಅಳಿಯನ ಅಂಗಡಿಯಲ್ಲಿ ಛತ್ರಿ ರಿಪೇರಿ ಮಾಡುತ್ತಾನೆ.

ಬಂದೂಕೆಂದರೆ ಕಡಲೆಕಾಯಿಯಲ್ಲ, ಕಂಡಕಂಡವರ ಕೈಗೆ ಕೊಡಬಾರದು. ಅದನ್ನು ಒಪ್ಪದವನು ಮೂರ್ಖ. ಆದರೆ ಈ ನಿಯಮ ಬರೆದ ಮಹಾಶಯ ಒಂದು ದಿನವಾದರೂ ಅಂಗಡಿಯ ಮೇಜಿನ ಹಿಂದೆ ಕೂತಿದ್ದರೆ, ಎರಡನೆಯ ದಿನ ಅವನೇ ಛತ್ರಿ ರಿಪೇರಿಗೆ ಹೋಗುತ್ತಿದ್ದ.

"ಹೇಳ್ತೀನಿ, ಕೇಳಿಸ್ಕೊಳ್ಳಿ," ಎಂದ ಬೋಳುಮುಖದವನು, ಹಲ್ಲು ಕಚ್ಚಿ. "ನಾನು ಕಾವಲುಗಾರ. ಬ್ಯಾಂಕಲ್ಲಿ ಕೆಲಸ ಸಿಕ್ಕಿದೆ. ನಾಳೆ ಬೆಳಿಗ್ಗೆ ಸ್ವಂತ ಬಂದೂಕು ತಗೊಂಡು ಬಂದ್ರೆ ಕೆಲಸ, ಇಲ್ಲಾಂದ್ರೆ ಇನ್ನೊಬ್ಬನಿಗೆ. ನಿನ್ನೆ ಮ್ಯಾನೇಜರು ನನ್ನ ಮೀಸೆ ನೋಡಿ, 'ಇದನ್ನ ಕಂಡ್ರೆ ದುಡ್ಡಿಡೋಕೆ ಬಂದವರೂ ವಾಪಸ್ ಹೋಗ್ತಾರೆ, ಬೋಳಿಸ್ಕೊಂಡು ಬಾ' ಅಂದ್ರು. ಇಲ್ಲೇ ಎದುರುಗಡೆ ಬೋಳಿಸ್ಕೊಂಡು ಸೀದಾ ಬರ್ತಾ ಇದೀನಿ."

"ಬ್ಯಾಂಕಿಗೆ ಮೀಸೆ ಬೇಡ, ಲೈಸೆನ್ಸಿಗೆ ಮೀಸೆ ಬೇಕು. ಕತೆ ಚೆನ್ನಾಗಿ ಹೊಂದಿಸಿದೀರಿ," ಎಂದ ಗುಮಾನಿ. ಅವನ ಕಣ್ಣು ಕಾವಲುಗಾರನ ಕಾಲಿನ ಮೇಲಿತ್ತು. ಬಟ್ಟೆ ಹಳೆಯದು, ಬೂಟು ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಬೂಟಿಗೆ ಅಷ್ಟು ಪಾಲಿಶ್ ಹಾಕುವವರು ಯಾರು? ಅಧಿಕಾರಿಗಳು! ವೇಷ ಬದಲಾಯಿಸಿದ ಮಹಾನುಭಾವ ಬೂಟು ಬದಲಾಯಿಸುವುದನ್ನು ಮರೆತಿದ್ದಾನೆ.

ಅಷ್ಟರಲ್ಲಿ ಕಾವಲುಗಾರನ ಫೋನು ಬಡಿದುಕೊಂಡಿತು. ಅವನು ಗೋಡೆಯ ಕಡೆ ತಿರುಗಿ ಮೆಲ್ಲಗೆ, "ಹ್ಞೂ ಸಾರ್... ಇನ್ನೂ ಅಂಗಡೀಲೇ ಇದೀನಿ ಸಾರ್... ಇವನು ಸುಲಭಕ್ಕೆ ಕೊಡೋ ಹಾಗೆ ಕಾಣಲ್ಲ ಸಾರ್," ಎಂದ.

ಗುಮಾನಿ ಕಿವಿ ನಿಮಿರಿಸಿದ. ಸಾರ್! ಯಾವ ಸಾರ್? ಬ್ಯಾಂಕಿನ ಮ್ಯಾನೇಜರನಂತೆ! ಸಿಕ್ಕಿಬಿದ್ದೆಯಲ್ಲೋ ಮಗನೇ.

"ಏನಣ್ಣಾ ಇದು, ಬೀದಿ ತುದೀವರೆಗೂ ಕೇಳಿಸ್ತಾ ಇದೆ ಗಲಾಟೆ?"

ಬಾಗಿಲಲ್ಲಿ ನಡುವಯಸ್ಸಿನ ಒಬ್ಬ ಹೆಂಗಸು ನಿಂತಿದ್ದಳು. ಕೈಯಲ್ಲಿ ತರಕಾರಿ ಚೀಲ, ಕಂಕುಳಲ್ಲಿ ಛತ್ರಿ, ಚೀಲದಿಂದ ಮೂಲಂಗಿಯ ಸೊಪ್ಪು ಇಣುಕುತ್ತಿತ್ತು. ಓಡುತ್ತ ಬಂದವಳಂತೆ ಏದುಸಿರು ಬಿಡುತ್ತ ಒಳಗೆ ಬಂದು, ಕಾವಲುಗಾರನನ್ನು ಪಕ್ಕಕ್ಕೆ ಸರಿಸಿ ಮೇಜಿಗೆ ಆನಿಕೊಂಡಳು.

"ನೋಡಿ ಅಕ್ಕಾ," ಎಂದ ಗುಮಾನಿ, ನ್ಯಾಯ ಹೇಳುವವರು ಸಿಕ್ಕ ಖುಷಿಯಲ್ಲಿ. "ಫೋಟೋದಲ್ಲಿ ಮೀಸೆ, ಮುಖದಲ್ಲಿ ಬಯಲು. ಬಂದೂಕು ಕೊಡು ಅಂತಾರೆ."

ಹೆಂಗಸು ಕಾವಲುಗಾರನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕೊಡಬೇಡಿ ಅಣ್ಣಾ! ಈಗಿನ ಕಾಲದಲ್ಲಿ ಒಡಹುಟ್ಟಿದವರನ್ನೂ ನಂಬೋ ಹಾಗಿಲ್ಲ."

"ಅದನ್ನೇ ನಾನೂ ಹೇಳ್ತಿರೋದು!"

"ನಿಮ್ಮಂಥ ಎಚ್ಚರದವರು ನಾಲ್ಕು ಜನ ಇದ್ರೆ ದೇಶ ಉದ್ಧಾರ ಆಗ್ತಿತ್ತು. ನನಗೆ ಒಂದು ಡಬ್ಬಿ ತೋಟಾ ಕೊಟ್ಬಿಡಿ ಅಣ್ಣಾ, ಬಸ್ಸಿಗೆ ಹೊತ್ತಾಯ್ತು." ಎನ್ನುತ್ತ ಚೀಲದಿಂದ ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೆ ಎರಡು ಕೊತ್ತಂಬರಿ ಎಲೆ ಅಂಟಿದ್ದವು.

ಗುಮಾನಿ ಕನ್ನಡಕ ಹಿಡಿದ ಕೈಯಿಂದಲೇ ಎಲೆಗಳನ್ನು ಕೊಡವಿದ. ಸೀಲು ಇತ್ತು, ಸಹಿ ಇತ್ತು, ಒಂದು ಮುಖವೂ ಇತ್ತು. "ಒಂದು ನಿಮಿಷ ಅಕ್ಕಾ," ಎಂದು ಡಬ್ಬಿ ತೆಗೆದುಕೊಟ್ಟು, ದುಡ್ಡು ಗಲ್ಲಾಕ್ಕೆ ಹಾಕಿ, ಮತ್ತೆ ಕಾವಲುಗಾರನ ಕಡೆ ತಿರುಗಿ, "ನೋಡಿದ್ರಾ? ಸರಿಯಾದ ಗಿರಾಕಿ ಅಂದ್ರೆ ಹೀಗೆ. ಜಗಳ ಇಲ್ಲ, ತಂಟೆ ಇಲ್ಲ," ಎಂದ.

"ಬಿಡಬೇಡಿ ಅಣ್ಣಾ ಇವರನ್ನ," ಎಂದು ಹೇಳಿ ಹೆಂಗಸು ಮೆಟ್ಟಿಲಿಳಿದು ಹೋದಳು.

ಕಾವಲುಗಾರ ಮಾತ್ರ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. "ಇವತ್ತು ಬಂದೂಕು ತಗೊಂಡೇ ಏಳೋದು," ಎಂದ.

ಗುಮಾನಿ ಇಲಾಖೆಗೆ ಫೋನು ಮಾಡಿದ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಯಾರೋ ಎತ್ತಿಕೊಂಡು ಆಕಳಿಸಿದರು.

"ಗಿರಾಕಿ ಮೀಸೆ ಬೋಳಿಸಿದಾರೆ ಸಾರ್. ಏನು ಮಾಡ್ಲಿ?"

"ಬೆಳೆಸ್ಕೊಂಡು ಬರೋಕೆ ಹೇಳಿ."

"ನಾಳೇನೇ ಕೆಲಸ ಅಂತೆ ಸಾರ್."

"ಹಾಗಾದ್ರೆ ಹೊಸ ಫೋಟೋ ಹಾಕಿ ಹೊಸ ಅರ್ಜಿ ಕೊಡೋಕೆ ಹೇಳಿ. ಬರೋ ವರ್ಷ ಲೈಸೆನ್ಸು ಬರುತ್ತೆ."

"ಅಷ್ಟರಲ್ಲಿ ಮೀಸೆ ಬೆಳೆದಿರುತ್ತಲ್ಲ ಸಾರ್?"

"ಆಗ ಅದೂ ತಾಳೆಯಾಗಲ್ಲ," ಎಂದು ಆ ಕಡೆಯವರು ಫೋನಿಟ್ಟರು.

ಕಾವಲುಗಾರ ತಲೆಯ ಮೇಲೆ ಕೈ ಹೊತ್ತ. ಮೇಜಿನ ಹಿಂದಿನ ಒಳಬಾಗಿಲ ಪರದೆ ಸರಿಯಿತು. ಗುಮಾನಿಯ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. ಅಂಗಡಿಯ ಹಿಂದೆಯೇ ಮನೆ. ಇಲ್ಲಿಯ ಪಿಸುಮಾತೂ ಅಲ್ಲಿ ಒಗ್ಗರಣೆಗೆ ಬೀಳುತ್ತದೆ.

"ರೀ, ಬನ್ನಿ ಇಲ್ಲಿ." ಅವನನ್ನು ಮೂಲೆಗೆ ಎಳೆದು ದನಿ ತಗ್ಗಿಸಿದಳು. "ಈ ಅಂಗಡೀಲಿ ಒಂದು ಬಂದೂಕು ಮಾರಿ ಯಾವ ಕಾಲ ಆಯ್ತು? ಜೇಡ ಬಂದು ನಳಿಗೆ ಒಳಗೆ ಸಂಸಾರ ಹೂಡಿದೆ. ಮನೆಗೆ ಬಂದ ಗಿರಾಕೀನ ಓಡಿಸ್ತೀರಲ್ಲ, ನೀವೇನು ಮನುಷ್ಯರಾ?"

"ನಿನಗೆ ಗೊತ್ತಾಗಲ್ಲ ಕಣೇ. ಅವನು ಇಲಾಖೆಯವನು. ಬೂಟು ನೋಡು."

"ಕಾವಲುಗಾರ ಬೂಟು ಒರೆಸ್ದೆ ಇನ್ನೇನು ಒರೆಸ್ತಾನೆ? ಆ ಮನುಷ್ಯನ ಕಣ್ಣಲ್ಲಿ ನೀರು ಬಂದಿದೆ ನೋಡಿ. ಇಲಾಖೆಯವರ ಕಣ್ಣಲ್ಲಿ ಎಂದಾದ್ರೂ ನೀರು ಬಂದದ್ದು ಕಂಡಿದೀರಾ?"

ಈ ಮಾತು ಗುಮಾನಿಗೆ ನಾಟಿತು. ಆದರೂ ಪೂರ್ತಿ ನಂಬಿದರೆ ಅವನು ಗುಮಾನಿ ಹೇಗಾದಾನು? ಬಾಗಿಲಿಗೆ ಹೋಗಿ ಎದುರಿನ ಕ್ಷೌರದ ಅಂಗಡಿಗೆ ಕೂಗು ಹಾಕಿದ. ಅವನು ಕರೆದದ್ದು ಕ್ಷೌರಿಕನೊಬ್ಬನನ್ನೇ. ಪಕ್ಕದ ಅಂಗಡಿಯ ದರ್ಜಿ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ತಾನಾಗಿಯೇ ಬಂದ. ಆ ಬೀದಿಯಲ್ಲಿ ಎಲ್ಲಿ ಎರಡು ತಲೆ ಸೇರಿದರೂ ಮೂರನೆಯದು ದರ್ಜಿಯದು.

"ಇವರ ಮೀಸೆ ಬೋಳಿಸಿದ್ದು ನೀನೇನಾ?"

"ನಾನೇ ಅಣ್ಣಾ," ಎಂದ ಕ್ಷೌರಿಕ, ಎದೆ ಉಬ್ಬಿಸಿ. "ಎಂಥಾ ಮೀಸೆ ಅಂತೀರಿ! ಅದನ್ನ ಬೋಳಿಸುವಾಗ ಮರ ಕಡಿದ ಪಾಪ ಬಂತೇನೋ ಅನ್ನಿಸ್ತು. ಬಿಸಾಡೋಕೆ ಮನಸ್ಸು ಬರಲಿಲ್ಲ, ಕಾಗದದಲ್ಲಿ ಕಟ್ಟಿಟ್ಟಿದೀನಿ."

"ಎಲ್ಲಿ, ತಗೊಂಬಾ."

ಪೊಟ್ಟಣ ಬಂತು. ಬಿಚ್ಚಿದರೆ ಒಳಗೆ ಕರಿಬಿಳಿ ಬೆರೆತ ಒಂದು ಹಿಡಿ ಕೂದಲು. ಕಾವಲುಗಾರ ಅದನ್ನು ಕಂಡು ಕಣ್ಣೊರೆಸಿಕೊಂಡ. ಗುಮಾನಿ ಅದನ್ನು ಫೋಟೋದ ಪಕ್ಕದಲ್ಲಿಟ್ಟು ನೋಡಿದ, ಬೆಳಕಿಗೆ ಹಿಡಿದು ನೋಡಿದ, ಮೂಸಿ ನೋಡಿ ಸೀನಿದ.

"ಇದು ಇವರದ್ದೇ ಅಂತ ಏನು ಗ್ಯಾರಂಟಿ?"

"ಬೆಳಿಗ್ಗೆಯಿಂದ ನನ್ನ ಅಂಗಡಿಗೆ ಬಂದಿರೋದು ಇವರೊಬ್ಬರೇ ಅಣ್ಣಾ. ನನ್ನ ವ್ಯಾಪಾರವೂ ನಿಮ್ಮ ಹಾಗೇ ನಡೀತಾ ಇದೆ."

ದರ್ಜಿ ಮುಂದೆ ಬಂದ. "ಇವರು ಇವರೇ ಅಂತ ನಾನು ಸಾಕ್ಷಿ ನಿಲ್ತೀನಿ ಬಿಡಿ. ಎಲ್ಲಿ ಸಹಿ ಹಾಕಬೇಕು?"

"ನಿನಗೆ ಇವರ ಪರಿಚಯ ಇದೆಯಾ?"

"ಈಗ ಆಯ್ತಲ್ಲ."

"ಥೂ! ಗುರುತಿಲ್ಲದವರಿಗೆ ಸಾಕ್ಷಿ ನಿಲ್ಲಬಾರದು ಕಣಯ್ಯಾ! ನಾಳೆ ಅವರು ಮಾಡಿದ್ದಕ್ಕೆ ನೀನು ಕಂಬಿ ಎಣಿಸ್ತೀಯ. ನೆನಪಿಟ್ಕೋ ಈ ಮಾತು," ಎಂದು ಗುಮಾನಿ ಕನ್ನಡಕದಿಂದ ಅವನ ಎದೆಗೆ ತಿವಿದ. ಕಾವಲುಗಾರ ಈ ಮಾತನ್ನು ಕೂತಲ್ಲಿಂದಲೇ ಕೇಳಿಸಿಕೊಂಡ.

ಹೆಂಡತಿ ಕಾವಲುಗಾರನಿಗೆ ಚಹಾ ತಂದುಕೊಟ್ಟಳು. ಗುಮಾನಿ ಅವನನ್ನು ಇನ್ನೊಂದು ಸುತ್ತು ಉಜ್ಜಿದ. ಊರು ಯಾವುದು, ಊರಿನ ಬಾವಿಗೆ ಎಷ್ಟು ಮೆಟ್ಟಿಲು, ಸೋದರಮಾವನಿಗೆ ಯಾವ ಕಾಲು ಕುಂಟು ಎಂದೆಲ್ಲ ಕೇಳಿದ. ಸೋದರಮಾವನಿಗೆ ಕುಂಟೇ ಇಲ್ಲವೆಂದು ಕಾವಲುಗಾರ ರೇಗಿದಾಗ ಗುಮಾನಿಗೆ ಒಳಗೊಳಗೇ ಸಮಾಧಾನವಾಯಿತು. ವೇಷದವನಾಗಿದ್ದರೆ ಎಡಗಾಲೋ ಬಲಗಾಲೋ ಒಂದನ್ನು ಹೇಳಿಯೇ ಹೇಳುತ್ತಿದ್ದ. ಕೊನೆಗೆ ಬ್ಯಾಂಕಿಗೇ ಫೋನು ಮಾಡಿದ. ಮ್ಯಾನೇಜರು ಎತ್ತಿಕೊಂಡು, "ಬೋಳಿಸಿದ್ನಾ? ಒಳ್ಳೇದು. ನಾಳೆ ಬಂದೂಕಿಲ್ದೆ ಬಂದ್ರೆ ಹಾಗೇ ಹೋಗ್ಲಿ," ಎಂದು ಹೇಳಿ ಇಟ್ಟರು.

ಮನುಷ್ಯ ನಿಜವಾದವನೇ. ಗುಮಾನಿಯ ಮುಖದಲ್ಲಿ ಬೆಳಿಗ್ಗೆಯಿಂದ ಮೊದಲ ಸಲ ನಗು ಬಂತು. ಗೂಡಿನಿಂದ ಜೋಡಿ ನಳಿಗೆಯ ಬಂದೂಕು ಕೆಳಗಿಳಿಸಿದ, ಜೇಡನ ಸಂಸಾರ ಎಬ್ಬಿಸಿದ, ಎಣ್ಣೆ ಬಟ್ಟೆಯಿಂದ ಒರೆಸಿ ಮೇಜಿನ ಮೇಲಿಟ್ಟ. ಕಂಪ್ಯೂಟರಿನ ಕ್ಯಾಮೆರಾದ ಮುಂದೆ ಕಾವಲುಗಾರನನ್ನು ಕೂರಿಸಿದ.

ಕಂಪ್ಯೂಟರು ಯೋಚನೆ ಮಾಡಿತು. ಆಮೇಲೆ ಕೆಂಪು ಅಕ್ಷರ ಬಂತು: ಮುಖ ತಾಳೆಯಾಗುತ್ತಿಲ್ಲ.

"ಸ್ವಲ್ಪ ನಗಿ," ಎಂದ ದರ್ಜಿ.

ಮುಖ ತಾಳೆಯಾಗುತ್ತಿಲ್ಲ.

"ಫೋಟೋದಲ್ಲಿ ಸಿಟ್ಟಾಗಿದಾರೆ. ಸಿಟ್ಟು ಮಾಡ್ಕೊಳ್ಳಿ," ಎಂದ ಕ್ಷೌರಿಕ.

ಸಿಟ್ಟಿಗೆ ಕಾವಲುಗಾರನಲ್ಲಿ ಕೊರತೆಯಿರಲಿಲ್ಲ. ಮುಖ ತಾಳೆಯಾಗುತ್ತಿಲ್ಲ.

ಗುಮಾನಿಯ ಹೆಂಡತಿ ತನ್ನ ಜಡೆಯ ತುದಿಯನ್ನು ಹಿಂದಿನಿಂದ ಅವನ ಮೂಗಿನ ಕೆಳಗೆ ಹಿಡಿಯಲು ಹೋದಳು. ಗಂಡ ನೋಡಿದ ನೋಟಕ್ಕೆ ಕೈ ಹಿಂದೆ ತೆಗೆದಳು. ಆಗ ಕ್ಷೌರಿಕ ಪೊಟ್ಟಣವನ್ನೇ ದಿಟ್ಟಿಸಿ ನೋಡಿ, "ಅಣ್ಣಾ, ಸರಕು ಕೈಯಲ್ಲೇ ಇಟ್ಕೊಂಡು ಯಾಕೆ ಒದ್ದಾಡ್ತೀವಿ?" ಎಂದ.

ಎಲ್ಲರೂ ಪೊಟ್ಟಣವನ್ನು ನೋಡಿದರು. ಮೋಸ ಅನ್ನಲು ಬರುವುದಿಲ್ಲ. ಮುಖ ಅವನದು, ಮೀಸೆಯೂ ಅವನದೇ. ಬೆಳಿಗ್ಗೆ ಬೇರೆಯಾದದ್ದನ್ನು ಮಧ್ಯಾಹ್ನ ಸೇರಿಸುವುದು ಯಾವ ಕಾನೂನಿಗೆ ವಿರೋಧ? ಗುಮಾನಿ ಸುತ್ತೋಲೆಯನ್ನು ಹಿಂದೆ ಮುಂದೆ ತಿರುಗಿಸಿದ. ಅಂಟಿಸಬಾರದು ಎಂದು ಎಲ್ಲೂ ಇರಲಿಲ್ಲ.

ದರ್ಜಿ ಗೋಂದು ತಂದ. ಕ್ಷೌರಿಕ ಕಾವಲುಗಾರನ ತಲೆಯನ್ನು ಹಿಂದಕ್ಕೆ ಬಾಗಿಸಿ, ಫೋಟೋ ನೋಡಿಕೊಂಡು, ಗದ್ದೆಯಲ್ಲಿ ಪೈರು ನಾಟಿದ ಹಾಗೆ ಎಳೆ ಎಳೆಯಾಗಿ ಮೀಸೆ ನಾಟತೊಡಗಿದ. ದರ್ಜಿ ಟೇಪು ಹಿಡಿದು ಎಡಬಲ ಅಳೆದ. ಗುಮಾನಿ ಕನ್ನಡಕ ಹಾಕಿಕೊಂಡು ಒಂದೊಂದು ಎಳೆಯನ್ನೂ ಫೋಟೋಕ್ಕೆ ಹೋಲಿಸಿ, "ಬಲಗಡೆ ಇನ್ನೊಂಚೂರು ಮೇಲೆ. ಹ್ಞಾ, ತುದಿ ತಿರುವು," ಎಂದು ಮೇಸ್ತ್ರಿಯ ಹಾಗೆ ಹೇಳುತ್ತಿದ್ದ. ಕಾವಲುಗಾರ ಉಸಿರಾಡುವ ಹಾಗಿರಲಿಲ್ಲ.

ಕಂಪ್ಯೂಟರು ಮತ್ತೆ ಯೋಚನೆ ಮಾಡಿತು. ಹಸಿರು ಅಕ್ಷರ ಬಂತು: ಮುಖ ತಾಳೆಯಾಗಿದೆ.

ಅಂಗಡಿಯಲ್ಲಿ ಚಪ್ಪಾಳೆ ಬಿತ್ತು. ಕ್ಷೌರಿಕ, ದರ್ಜಿ ಇಬ್ಬರೂ ಸಾಕ್ಷಿಯ ಸಹಿ ಹಾಕಿದರು. ಕಾವಲುಗಾರ ಕುರ್ಚಿಯಿಂದ ಎದ್ದು ಬಂದೂಕಿನತ್ತ ಕೈ ಚಾಚಿದ.

"ಇನ್ನೂ ನಡೀತಾನೇ ಇದೆಯಾ ಅಣ್ಣಾ?"

ಬಾಗಿಲಲ್ಲಿ ಅದೇ ಹೆಂಗಸು. ಅದೇ ಚೀಲ, ಮೂಲಂಗಿಯ ಸೊಪ್ಪು ಬಾಡಿತ್ತು.

"ಅಯ್ಯೋ, ಬಸ್ಸು ತಪ್ಪಿತಾ ಅಕ್ಕಾ?" ಎಂದ ಗುಮಾನಿ. "ಬನ್ನಿ, ಕೂತ್ಕೊಳ್ಳಿ. ಇವರು ನಿಜವಾದವರೇ ಅಂತ ಗೊತ್ತಾಯ್ತು. ನಾನು ಸುಮ್ಮನೆ ಬಿಟ್ಟವನಲ್ಲ."

ಹೆಂಗಸು ಕೂರಲಿಲ್ಲ. ಚೀಲದಿಂದ ತೋಟಾ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಬೆಳಿಗ್ಗೆಯ ಲೈಸೆನ್ಸು ಇಟ್ಟಳು.

"ಕನ್ನಡಕ ಹಾಕಿದೀರಲ್ಲ, ಒಳ್ಳೇದಾಯ್ತು. ಈ ಫೋಟೋ ಸ್ವಲ್ಪ ನೋಡಿ ಹೇಳಿ. ಇಂಥವರಿಗೆ ನೀವು ತೋಟಾ ಮಾರ್ತೀರಾ?"

ಗುಮಾನಿ ಬಾಗಿ ನೋಡಿದ. ತಲೆ ತುಂಬ ಗುಂಗುರು ಕೂದಲು, ಕೆನ್ನೆಗೆ ಇಳಿದ ಕೃತಾವು, ಕ್ಯಾಮೆರಾದವನನ್ನೇ ಕಳ್ಳನೆಂದು ನೋಡುವ ಓರೆಗಣ್ಣು.

"ಇವನಿಗಾ?" ಗುಮಾನಿ ನಕ್ಕುಬಿಟ್ಟ. "ಇವನಿಗೆ ಪಿಚಕಾರೀನೂ ಕೊಡಲ್ಲ ಅಕ್ಕಾ. ಆ ಕಣ್ಣು ನೋಡಿ. ಜೈಲಿನ ಅನ್ನ ಉಂಡ ಮುಖ. ಯಾರಿದು, ನಿಮ್ಮ ಕಡೆಯವರಾ?"

"ಬೆಳಿಗ್ಗೆ ಇದೇ ಮುಖಕ್ಕೆ ಒಂದು ಡಬ್ಬಿ ಮಾರಿದ್ರಿ."

ಗುಮಾನಿಯ ನಗು ಅರ್ಧಕ್ಕೆ ನಿಂತಿತು. ಹೆಂಡತಿ ಅವನ ಭುಜದ ಮೇಲಿಂದ ಇಣುಕಿದಳು. ಸೌಟು ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ರೀ! ಇದು ನೀವಲ್ವಾ?"

"ಯಾರು?"

"ನೀವೇ ರೀ! ಹೆಣ್ಣು ನೋಡೋಕೆ ಮುಂಚೆ ನಮ್ಮ ಮನೆಗೆ ಕಳಿಸಿದ್ದು ಇದೇ ಫೋಟೋ. ನಮ್ಮಪ್ಪನೂ ಇದನ್ನ ನೋಡಿ ನೀವೀಗ ಅಂದ ಮಾತೇ ಅಂದಿದ್ರು."

ಅದು ಅವನ ಅಂಗಡಿಯ ಲೈಸೆನ್ಸಿನ ನಕಲು. ಅಪ್ಪ ತೀರಿಕೊಂಡ ವರ್ಷ ಅಂಗಡಿಯನ್ನು ತನ್ನ ಹೆಸರಿಗೆ ಬದಲಾಯಿಸುವಾಗ ಅವನೇ ಕೊಟ್ಟ ಫೋಟೋ ಇಲಾಖೆಯ ಕಡತದಲ್ಲಿ ಹಾಗೆಯೇ ಇತ್ತು. ಹೆಂಗಸು ಕೊರಳಿನಿಂದ ಇಲಾಖೆಯ ಬಿಲ್ಲೆ ಹೊರಗೆಳೆದು ಎಲ್ಲರಿಗೂ ಕಾಣುವ ಹಾಗೆ ಬಿಟ್ಟಳು. ಮೂಲಂಗಿ ಮಾತ್ರ ನಿಜವಾದ ಮೂಲಂಗಿಯಾಗಿತ್ತು; ಅದನ್ನು ಸರಿಸಿ ಚೀಲದ ತಳದಿಂದ ಅರಗು, ಮುದ್ರೆ, ದೊಡ್ಡದೊಂದು ಬೀಗ ತೆಗೆದಳು.

ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ಮುಖವೂ ಕಾಣುವುದಿಲ್ಲವೆಂದು ಯಾರೂ ಅವನಿಗೆ ಹೇಳಿರಲಿಲ್ಲ.

"ಅಕ್ಕಾ... ಮೇಡಂ... ಅದು ನಾನೇ ಮೇಡಂ! ನನ್ನ ಲೈಸೆನ್ಸಿಗೆ ನಾನೇ ಮಾರಿದ್ದರಲ್ಲಿ ತಪ್ಪೇನು?"

"ನೀವು ನೀವೇ ಅಂತ ನಾನು ಹೇಗೆ ನಂಬಲಿ?" ಎಂದಳು ಅಧಿಕಾರಿ. "ಈಗ ತಾನೇ ನಾಲ್ಕು ಜನರ ಎದುರಿಗೆ 'ಯಾರಿದು' ಅಂತ ಕೇಳಿದ್ರಿ. ಮೊದಲು ಈ ಫೋಟೋದಲ್ಲಿರೋದು ನೀವೇ ಅಂತ ತೋರಿಸಿ, ಬೀಗದ ವಿಚಾರ ಆಮೇಲೆ."

ಗುಮಾನಿ ಓಡಿಹೋಗಿ ಕ್ಯಾಮೆರಾದ ಮುಂದೆ ಕೂತ. ಹೊಳೆಯುವ ಬೋಳುತಲೆಯ ಮೇಲೆ ಕಿಟಕಿಯ ಬೆಳಕು ಬಿತ್ತು. ಕಂಪ್ಯೂಟರು ಈ ಸಲ ಯೋಚನೆಯನ್ನೂ ಮಾಡಲಿಲ್ಲ. ಮುಖ ತಾಳೆಯಾಗುತ್ತಿಲ್ಲ.

"ಕೂದಲು ಬೇಕಾದ್ರೆ ಅಂಗಡೀಲಿ ಗುಡಿಸಿಟ್ಟದ್ದು ಇದೆ ಅಣ್ಣಾ," ಎಂದ ಕ್ಷೌರಿಕ. "ಬಣ್ಣಬಣ್ಣದ್ದಿರುತ್ತೆ, ಅಷ್ಟೇ."

ಅಧಿಕಾರಿಯ ಕಣ್ಣು ಆಗ ಗೋಂದಿನ ಬಾಟಲಿಯ ಮೇಲೆ ಹೋಯಿತು. ಅಲ್ಲಿಂದ ಕಾವಲುಗಾರನ ಮೀಸೆಗೆ ಹೋಯಿತು. ಬಲಗಡೆಯ ತುದಿ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಪುಸ್ತಕ ತೆಗೆದು ಇನ್ನೊಂದು ಸಾಲು ಬರೆದುಕೊಂಡಳು. "ಕ್ಷೌರಿಕ, ದರ್ಜಿ ಇಬ್ಬರ ಸಾಕ್ಷಿಯೂ ಇನ್ನು ನಡೆಯೋದಿಲ್ಲ. ಹೆಂಡತಿಯದಂತೂ ಮೊದಲೇ ನಡೆಯೋದಿಲ್ಲ. ಹೊರಗಿನವರು ಯಾರಾದ್ರೂ ಇದ್ರೆ ಹೇಳಿಸಿ."

ಅಂಗಡಿಯಲ್ಲಿ ಹೊರಗಿನವನು ಒಬ್ಬನೇ ಇದ್ದ. ಅವನು ಬಂದೂಕಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

"ನನ್ನ ಬಂದೂಕು?" ಎಂದ ಕಾವಲುಗಾರ.

"ಸರಕೆಲ್ಲ ಮುಟ್ಟುಗೋಲು," ಎಂದಳು ಅಧಿಕಾರಿ. ಅವನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು ಬಂದೂಕನ್ನು ಗೂಡಿಗೆ ವಾಪಸು ಸೇರಿಸಿದಳು.

ಕಾವಲುಗಾರ ಗೂಡನ್ನೊಮ್ಮೆ ನೋಡಿದ. ಆಮೇಲೆ ತಣ್ಣಗಾಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಲೋಟವನ್ನು ಮೇಜಿನ ಮೇಲೆ ಕುಕ್ಕಿದ. ಬಾಗಿಲ ಕಡೆ ನಡೆದ.

"ಸ್ವಾಮೀ! ರೀ, ನಿಲ್ಲಿ!" ಗುಮಾನಿ ಮೇಜು ಹಾರಿ ಹಿಂದೆ ಓಡಿದ. "ಬೆಳಿಗ್ಗೆಯಿಂದ ನನ್ನ ಮುಖಾನೇ ನೋಡ್ಕೊಂಡು ಕೂತಿದ್ರಲ್ಲ! ನಾನು ನಾನೇ ಅಂತ ನೀವೊಬ್ರು ಒಂದು ಮಾತು ಹೇಳಿ ಸಾಕು! ನಮ್ಮಪ್ಪನ ಅಂಗಡಿ ಸ್ವಾಮೀ!"

ಕಾವಲುಗಾರ ಹೊಸ್ತಿಲಲ್ಲಿ ನಿಂತು ತಿರುಗಿದ. ಗುಮಾನಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬೂಟನ್ನೂ ನೋಡಿದ.

"ಗುರುತಿಲ್ಲದವರಿಗೆ ಸಾಕ್ಷಿ ನಿಲ್ಲಬಾರದು," ಎಂದ.

ಮೆಟ್ಟಿಲಿಳಿದು, ಬೀದಿ ದಾಟಿ, ಮೂಲೆಯಲ್ಲಿ ಮರೆಯಾದ. ಅಧಿಕಾರಿ ಅರಗು ಕಾಯಿಸಿ ಬೀಗಕ್ಕೆ ಮುದ್ರೆ ಒತ್ತುವವರೆಗೂ ಗುಮಾನಿ ಆ ಮೂಲೆಯನ್ನೇ ನೋಡುತ್ತ ನಿಂತಿದ್ದ. ಹೋದವನು ಆ ಬೀದಿಗೆ ಮತ್ತೆ ಕಾಲಿಡಲಿಲ್ಲ. ಬೀಗ ಬಿದ್ದ ಅಂಗಡಿಯೊಳಗೆ, ಚಹಾದ ಲೋಟದ ಅಂಚಿಗೆ, ಅವನ ಅರ್ಧ ಮೀಸೆ ಮಾತ್ರ ಅಂಟಿಕೊಂಡು ಉಳಿಯಿತು.